ಕೌದಿಗೆ ಚೀಟಿ ಚುಚ್ಚಿದ ಖತಿಜಾಬಿ

ಬೆಳಗಿನ ಆರು ಗಂಟೆ. ಮುರಗೋಡದಿಂದ ಮೂರು ಕಿಲೋಮೀಟರ್ ಆಚೆಗಿನ ಹಳ್ಳಿಯಲ್ಲಿ ಹಾಲಿನ ಸಂಘದ ಬಾಗಿಲ ಮುಂದೆ ಹೆಂಗಸರ ಸಾಲು. ಹನ್ನೊಂದನೆಯವರಾಗಿ ಖತಿಜಾಬಿ ನಿಂತಿದ್ದಾರೆ. ಕೈಯಲ್ಲಿ ಎಮ್ಮೆ ಹಾಲಿನ ಕ್ಯಾನು, ಹೆಗಲಿಗೆ ಆಫೀಸಿನ ಚೀಲ. ಅವರ ಹಿಂದೆ ಹಾಲೂ ಇಲ್ಲದ, ಕ್ಯಾನೂ ಇಲ್ಲದ ಇಬ್ಬರು. ಕಾಂತೇಶ ಮತ್ತು ಸ್ನೇಹಲ್. ಬೈಲಹೊಂಗಲದ ಒಂದು ಸಾಫ್ಟ್‌ವೇರ್ ಕಂಪನಿಯ ಇಂಜಿನಿಯರುಗಳು. ಹಾಲಿನ ಸಂಘಗಳಿಗೆ ಬೇಕಾದ ಪ್ರೋಗ್ರಾಮನ್ನು ಕಾಂತೇಶ ಬರೆಯುತ್ತಾನೆ, ಸ್ನೇಹಲ್ ಅದರ ತಪ್ಪು ಹುಡುಕುತ್ತಾಳೆ.

ಕಾಂತೇಶ ಮೆಲ್ಲಗೆ ಗೋಡೆಗೆ ಒರಗಲು ನೋಡುತ್ತಾನೆ.

“ಒರಗಬ್ಯಾಡ ಕಾಂತೇಶ, ಸಾಲಿನಾಗ ನಿಲ್ಲು. ಗ್ವಾಡಿಗೆ ನಿಂತವ್ರಿಗೆ ಸಾಲು ಕಾಣೂದಿಲ್ಲ,” ಎನ್ನುತ್ತಾರೆ ಖತಿಜಾಬಿ.

“ಚಳಿ ಐತ್ರಿ ಅಕ್ಕಾರ.”

“ಶೆಟ್ಟೆವ್ವಗ ಎಪ್ಪತ್ತು ವರ್ಸ. ಆಕಿಗೆ ಚಳಿ ಇಲ್ಲೇನು?”

ಮುಂದಿದ್ದ ಶೆಟ್ಟೆವ್ವ ತಿರುಗಿ ನೋಡುತ್ತಾರೆ. “ಎಪ್ಪತ್ತಲ್ಲ, ಅರವತ್ತೆಂಟು. ಹುಡುಗರ ಮುಂದ ನನ್ನ ಮುದುಕಿ ಮಾಡಬ್ಯಾಡ.”

ಸಾಲು ಸರಸರ ಸರಿಯುತ್ತದೆ. ಸಂಘದ ಬಸಯ್ಯನವರು ಕ್ಯಾನಿನ ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ಬರೆದ ನಂಬರು ನೋಡುತ್ತಾರೆ, ಕೀ ಒತ್ತುತ್ತಾರೆ, ಚೀಟಿ ಹೊರಗೆ ಬರುತ್ತದೆ. ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ.

ಮೂರು ವರ್ಷದ ಹಿಂದೆ ಈ ಕೆಂಪು ನಂಬರು ಇರಲಿಲ್ಲ. ಅದನ್ನು ಬರೆಸಿದವರು ಖತಿಜಾಬಿ. ಒಬ್ಬರ ಮುಖ ಒಬ್ಬರು ನೋಡದಿದ್ದ ಒಂಬತ್ತು ಮಂದಿ ಓದಿದವರಿಗೆ ಕೂಡಿ ಕೆಲಸ ಮಾಡುವುದನ್ನು ಕಲಿಸಿದವರೂ ಅವರೇ. ಆದರೆ ಕಂಪನಿ ಕೊಟ್ಟ ಕಾರ್ಡಿನಲ್ಲಿ ಅವರ ಹೆಸರಿನ ಕೆಳಗೆ ಬರೆದಿರುವುದು ‘ಸಹಾಯಕಿ, ಚಹಾ ಕೋಣೆ’ ಎಂದು. ಇವತ್ತು ಒಂದನೇ ತಾರೀಖು. ಇವತ್ತಿನಿಂದ ತಂಡದ ಬೆಳಗಿನ ಮಾತುಕತೆಯಲ್ಲಿ ಅವರು ನಿಲ್ಲಕೂಡದು ಎಂದು ಆಫೀಸಿನಲ್ಲಿ ಕಾಗದ ಅಂಟಿಸಿದ್ದಾರೆ. ಕಾರಣ, ಖತಿಜಾಬಿ ಓದಿದ್ದು ಎಂಟನೇ ಇಯತ್ತೆ. ಎಂಟಕ್ಕೆ ಸಾಲಿ ಬಿಟ್ಟವರ ತಲೆಯಲ್ಲಿ ಏನಿರುತ್ತದೆ ಎಂಬುದನ್ನು ಡಿಗ್ರಿಯವರು ಯಾವ ತಕ್ಕಡಿಯಲ್ಲಿ ತೂಗುತ್ತಾರೋ ನನಗೆ ಗೊತ್ತಿಲ್ಲ. ಆ ತಕ್ಕಡಿ ಸುಳ್ಳು ಎಂಬುದಷ್ಟೇ ಗೊತ್ತು.

ಕಂಪನಿ ಶುರುವಾದದ್ದು 2003ರಲ್ಲಿ, ಬೈಲಹೊಂಗಲದ ಹತ್ತಿ ವ್ಯಾಪಾರಿಯೊಬ್ಬರ ಅಂಗಡಿಯ ಮೇಲಿನ ಮಹಡಿಯಲ್ಲಿ. ಕಸ ಹೊಡೆಯಲು, ಚಹಾ ಮಾಡಲು ಖತಿಜಾಬಿ ಸೇರಿದರು. ಗಂಡ ಲಾಲಸಾಬ ಟೆಂಪೋ ಡ್ರೈವರ್. ಆಫೀಸಿನಲ್ಲಿ ಮೂರು ಕೋಣೆ. ಪ್ರೋಗ್ರಾಂ ಬರೆಯುವವರು ಒಂದರಲ್ಲಿ, ತಪ್ಪು ಹುಡುಕುವವರು ಇನ್ನೊಂದರಲ್ಲಿ, ಹಳ್ಳಿಗೆ ಹೋಗಿ ಕಂಪ್ಯೂಟರ್ ಕೂಡಿಸುವವರು ಮೂರನೆಯದರಲ್ಲಿ. ಮೂರೂ ಬಾಗಿಲು ಮುಚ್ಚಿರುತ್ತಿದ್ದವು. ಒಳಗೆ ಹೋಗುತ್ತಿದ್ದದ್ದು ಚಹಾ ಒಂದೇ.

“ಈ ಕೋಣ್ಯಾಗ ಹೋದ್ರ ಆ ಕೋಣಿಯವ್ರಿಗೆ ಬೈತಿದ್ರು, ಅಲ್ಲಿ ಹೋದ್ರ ಇವ್ರಿಗೆ,” ಖತಿಜಾಬಿ ನಗುತ್ತಾರೆ. “ಎಲ್ಲಾರ ತ್ರಾಸೂ ನನಗ ಗೊತ್ತಿತ್ತು. ಅವ್ರವ್ರಿಗೇ ಗೊತ್ತಿರಲಿಲ್ಲ.”

ಎಂಟು ತಿಂಗಳು ಹೀಗೆ ಬಾಗಿಲು ಮುಚ್ಚಿಕೊಂಡು ಮಾಡಿದ ಮೊದಲ ಪ್ರೋಗ್ರಾಮು 2005ರಲ್ಲಿ ಖತಿಜಾಬಿಯವರ ಊರಿಗೇ ಬಂತು. ಅಲ್ಲಿಯವರೆಗೆ ಬಸಯ್ಯನವರು ಮುಖ ನೋಡಿಯೇ ಲೆಕ್ಕ ಬರೆದುಕೊಳ್ಳುತ್ತಿದ್ದರು. ಅವತ್ತು ಅವರು ಒಳಕೋಣೆಯಲ್ಲಿ ಹಾಲು ಅಳೆಯಲು ನಿಂತರು, ಬಾಗಿಲಲ್ಲಿ ಯಂತ್ರದ ಮುಂದೆ ಕಂಪನಿಯವನೊಬ್ಬ ಕುಳಿತ. ಸಾಲಿನಲ್ಲಿ ಎರಡನೆಯವರು ಶೆಟ್ಟೆವ್ವ.

“ಖಾತೆ ಯಾರ ಹೆಸರಿಲೆ ಐತ್ರಿ ಅಜ್ಜಿ?”

“ನಮ್ಮ ಮನಿಯಾಂವಂದು.”

“ಅದರೀ, ಹೆಸರು ಏನು?”

“ಏ ತಮ್ಮಾ, ನಿಮ್ಮವ್ವ ಹೇಳತಾಳೇನು ನಿಮ್ಮಪ್ಪನ ಹೆಸರು?”

ಸಾಲೆಲ್ಲ ನಕ್ಕಿತು. ಆಮೇಲೆ ನಗು ನಿಂತಿತು. ಏಕೆಂದರೆ ಹಿಂದಿನವರದೂ ಅದೇ ಕಥೆ, ಅವರ ಹಿಂದಿನವರದೂ ಅದೇ. ಖಾತೆಗಳೆಲ್ಲ ಗಂಡಂದಿರ ಹೆಸರಿನಲ್ಲಿ. ಹಾಲು ತರುವವರು ಹೆಂಡಂದಿರು. ಗಂಡನ ಹೆಸರನ್ನು ನಾಲ್ಕು ಜನರ ಮುಂದೆ ಹೇಳುವ ರೂಢಿ ಇಲ್ಲಿ ಯಾರಿಗೂ ಇಲ್ಲ. ಸದಸ್ಯರ ನಂಬರು ಪಾಸ್‌ಬುಕ್ಕಿನಲ್ಲಿತ್ತು, ಪಾಸ್‌ಬುಕ್ಕು ಮನೆಯ ಟ್ರಂಕಿನಲ್ಲಿತ್ತು. ಹಾಲಿನ ಗಾಡಿ ಬಂದು ಹಾರ್ನ್ ಹೊಡೆದು ಹೋಯಿತು. ಅರ್ಧ ಊರಿನ ಹಾಲು ಮನೆಗೆ ತಿರುಗಿತು.

“ನನ್ನ ಪಾಳಿನೂ ಬಂತ್ರಿ,” ಎನ್ನುತ್ತಾರೆ ಖತಿಜಾಬಿ. “ನಮ್ಮ ಆಫೀಸಿನ ಪ್ರೋಗ್ರಾಮು, ನಾನ ಚಾ ಕೊಟ್ಟು ಮಾಡಿಸಿದ್ದು. ಆದ್ರ ನಂದೂ ಬಾಯಿ ಬರಲಿಲ್ಲ.”

ಆಫೀಸಿನಲ್ಲಿ ಮೂರು ಕೋಣೆಯವರೂ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕಿದರು. ಕೊನೆಗೆ ಎಲ್ಲರೂ ಕೂಡಿ, ಹಾಲಿನ ಹೆಂಗಸರು ಅಡ್ಡ ಮಂದಿ, ಹೇಳಿದ್ದು ತಿಳಿಯುವುದಿಲ್ಲ ಅಂದರು. ಎಂಟು ತಿಂಗಳಲ್ಲಿ ಒಬ್ಬನಾದರೂ ಬಂದು ಆ ಸಾಲಿನಲ್ಲಿ ನಿಂತಿದ್ದನೇ? ಅವರೇನು ಬೇರೆ ದೇಶದವರಲ್ಲ. ಒಬ್ಬ ರಾಮದುರ್ಗದವನು, ಒಬ್ಬ ಕಿತ್ತೂರಿನವನು. ಅವರ ತಾಯಂದಿರೂ ಗಂಡನ ಹೆಸರು ಹೇಳುವವರಲ್ಲ. ಕಂಪ್ಯೂಟರಿನ ಮುಂದೆ ಕುಳಿತ ಕೂಡಲೇ ತಾಯಿಯ ಬಾಯಿ ಮರೆತುಹೋಗುವುದಾದರೆ ಅದು ಎಂಥ ಓದು?

ಮರುದಿನ ಖತಿಜಾಬಿ ಯಾವ ಕೋಣೆಗೂ ಚಹಾ ಒಯ್ಯಲಿಲ್ಲ. ಒಂಬತ್ತು ಗ್ಲಾಸು ತುಂಬಿ ಚಹಾ ಕೋಣೆಯ ಕಟ್ಟೆಯ ಮೇಲಿಟ್ಟು, ಬೇಕಾದವರು ಇಲ್ಲೇ ಬರ್ರಿ ಅಂದರು. ಅಲ್ಲಿ ಕುರ್ಚಿ ಇಲ್ಲ. ಎಲ್ಲರೂ ನಿಂತರು. ಖತಿಜಾಬಿ ಹಾಲಿನ ಸಾಲಿನಲ್ಲಿ ನಡೆದದ್ದನ್ನೆಲ್ಲ ಹೇಳಿದರು. ಮುಚ್ಚಳದ ಮೇಲೆ ನಂಬರು ಬರೆದರೆ ಆಯಿತಲ್ಲ ಅಂದರು. ಆಮೇಲೆ ಒಬ್ಬೊಬ್ಬರನ್ನೇ ಕೇಳಿದರು: ನಿನ್ನೆ ಎಷ್ಟು ಮಾಡಿದಿ, ಇವತ್ತ ಎಲ್ಲಿಂದ ಹಿಡೀತಿ, ಎಲ್ಲಿ ದಾರ ಸಿಕ್ಕಾಗೈತಿ.

ದಾರದ ಮಾತು ಅವರಿಗೆ ತವರಿನಿಂದ ಬಂದದ್ದು. ಅವರ ತಾಯಿ ಮುನವಳ್ಳಿಯಲ್ಲಿ ಮನೆಮನೆಗೆ ಹೋಗಿ ಕೌದಿ ಹೊಲಿಯುತ್ತಿದ್ದವರು. ಸಾಲಿ ಬಿಡಿಸಿ ಮಗಳನ್ನೂ ಕೂಡಿಸಿಕೊಂಡರು. ಐದು ಹೆಂಗಸರು ಅಂಚಿನಿಂದ ಹೊಲಿಗೆ ಹಿಡಿದು ನಡುವಿಗೆ ಬರಬೇಕು. ಒಬ್ಬಳು ಮುಂದೆ ಓಡಿದರೆ ಬಟ್ಟೆ ಜಗ್ಗುತ್ತದೆ, ಒಬ್ಬಳು ಹಿಂದೆ ಬಿದ್ದರೆ ಉಬ್ಬುತ್ತದೆ. ಅದಕ್ಕೆ ಸೂಜಿ ಹಿಡಿಯುವ ಮೊದಲೇ ಮಾತು.

“ಮತ್ತ ಕೌದಿ ನಾವು ನಮ್ಮ ಮನ್ಯಾಗ ಹೊಲೀತಿರಲಿಲ್ರಿ. ಹೊಚ್ಚಿಕೊಳ್ಳವ್ರ ಕಟ್ಟಿ ಮ್ಯಾಲ ಕುಂತು ಹೊಲೀತಿದ್ವಿ. ದಿನಾ ಸಂಜಿಕೆ ಆ ಮನಿಯಾಕಿ ಬಂದು ಕೈಲೆ ಮುಟ್ಟಿ ನೋಡಾಕಿ. ಇಲ್ಲಿ ತೆಳ್ಳಗಾತು ಅಂದ್ರ ಅವತ್ತ ಇನ್ನೊಂದು ಪದರು. ಎಲ್ಲಾ ಮುಗಿಸಿ ಒಯ್ದು ಕೊಟ್ಟಮ್ಯಾಲ ತೆಳ್ಳಗಾತು ಅಂದ್ರ ಏನ್ಮಾಡ್ತಿ? ಇವ್ರು ಎಂಟು ತಿಂಗಳು ಮುಚ್ಚಿಟ್ಟು ಹೊಲದಿದ್ರು.”

ಅಲ್ಲಿಂದ ಮೂರು ಕೋಣೆಯ ಬಾಗಿಲು ತೆರೆದವು. ಖತಿಜಾಬಿ ಮನೆಯಿಂದ ಒಂದು ಹಳೆಯ ಕೌದಿ ತಂದು ದೊಡ್ಡ ಕೋಣೆಯ ಗೋಡೆಗೆ ತೂಗುಹಾಕಿದರು. ಮಾಡಬೇಕಾದ ಕೆಲಸಗಳನ್ನು ಚೀಟಿಯಲ್ಲಿ ಬರೆದು ಪಿನ್ನಿನಿಂದ ಕೌದಿಗೆ ಚುಚ್ಚುವುದು. ಕೈಗೆತ್ತಿಕೊಂಡದ್ದು ನಡುವಿಗೆ, ಮುಗಿದದ್ದು ಬಲಕ್ಕೆ. ನಡುವಿನಲ್ಲಿ ಚೀಟಿ ಕಿಕ್ಕಿರಿದರೆ ಹೊಸದನ್ನು ಯಾರೂ ಮುಟ್ಟುವಂತಿಲ್ಲ. ಹದಿನೈದು ದಿನಕ್ಕೊಮ್ಮೆ, ಆದಷ್ಟನ್ನೇ ಒಯ್ದು ಬಸಯ್ಯನವರ ಮುಂದಿಟ್ಟು, ಇಬ್ಬಿಬ್ಬರಂತೆ ಹಾಲಿನ ಸಾಲಿನಲ್ಲಿ ನಿಂತು ನೋಡುವುದು. ಇವತ್ತು ನಾಲ್ಕು ತಾಲೂಕಿನ ಇಪ್ಪತ್ತೇಳು ಸಂಘಗಳಲ್ಲಿ ಈ ಪ್ರೋಗ್ರಾಮು ಓಡುತ್ತಿದೆ.

“ಮೊದಲು ನಾನು ತಪ್ಪು ಹಿಡಿದ್ರ ಕಾಂತೇಶ ಎರಡು ದಿನ ಮಾತಾಡ್ತಿರಲಿಲ್ಲ,” ಎನ್ನುತ್ತಾಳೆ ಸ್ನೇಹಲ್. “ಈಗ ತಾನ ಬಂದು, ಎಲ್ಲಿ ಹರದೈತಿ ನೋಡು ಬಾ ಅಂತಾನ.”

ಕಳೆದ ತಿಂಗಳು ಪುಣೆಯಿಂದ ಒಬ್ಬ ಪರಿಣತರು ಬಂದರು. ಎರಡು ದಿನದ ತರಬೇತಿ. ಇದಕ್ಕೆ ಅಜೈಲ್ ಎನ್ನುತ್ತಾರೆ, ಎಂದು ಪರದೆಯ ಮೇಲೆ ತೋರಿಸಿದರು: ತಂಡ ದಿನಾ ಬೆಳಿಗ್ಗೆ ನಿಂತು ಮಾತಾಡಬೇಕು, ಗೋಡೆಗೆ ಚೀಟಿ ಹಚ್ಚಬೇಕು, ಸ್ವಲ್ಪ ಸ್ವಲ್ಪ ಮಾಡಿ ಗಿರಾಕಿಗೆ ತೋರಿಸಬೇಕು. ಒಂಬತ್ತು ಮಂದಿಯೂ ಚಹಾ ಕೋಣೆಯ ಕಡೆ ನೋಡಿದರು. ಆ ಪರಿಣತರದೇನೂ ತಪ್ಪಿಲ್ಲ, ಅವರಿಗೆ ಯಾರೂ ಹೇಳಿರಲಿಲ್ಲ. ಅವರು ಬರುವ ಹಿಂದಿನ ದಿನವೇ ಮ್ಯಾನೇಜರು, ಆಫೀಸಿನಲ್ಲಿ ಹಾಸಿಗೆ ತೂಗುಹಾಕಿದಂತೆ ಕಾಣುತ್ತದೆಂದು ಕೌದಿ ತೆಗೆಸಿದ್ದರು. ಆಮೇಲೆ ಬಂದದ್ದು ಆ ಕಾಗದ: ಸರ್ಟಿಫಿಕೇಟ್ ಇದ್ದವರೇ ಬೆಳಗಿನ ಮಾತುಕತೆ ನಡೆಸಬೇಕು, ಸಹಾಯಕ ಸಿಬ್ಬಂದಿ ತಮ್ಮ ಜಾಗದಲ್ಲಿರಬೇಕು. ಸರ್ಟಿಫಿಕೇಟಿಗೆ ಡಿಗ್ರಿ ಬೇಕು.

ಸಾಲಿನ ಹೆಂಗಸರು ಗಂಡನ ಹೆಸರು ಹೇಳದಿರುವುದರಲ್ಲಿ ಒಂದು ಮರ್ಯಾದೆ ಇದೆ. ಕಂಪನಿ ಖತಿಜಾಬಿಯ ಹೆಸರು ಹೇಳದಿರುವುದು ಯಾವ ಮರ್ಯಾದೆಗೆ?

ನಾನು ಇಷ್ಟು ಕುದಿಯುತ್ತಿದ್ದರೂ, ಹಾಲು ಹಾಕಿ ಬೈಲಹೊಂಗಲಕ್ಕೆ ಹೊರಟ ಬಸ್ಸಿನಲ್ಲಿ ಖತಿಜಾಬಿ ಕಿಟಕಿಯ ಹೊರಗೆ ನೋಡುತ್ತಾ ಕುಳಿತಿದ್ದಾರೆ. “ನನ್ನ ನಿಲ್ಲಸದಿದ್ರ ಇಲ್ಲ ಬಿಡ್ರಿ. ಇವ್ರು ಮತ್ತ ಬಾಗಲಾ ಹಾಕ್ಕೊಂಡು ಕುಂತ್ರ ಅನ್ನೂದು ಒಂದ ಹೆದರಿಕಿ.”

ಒಂಬತ್ತೂವರೆ. ಆಫೀಸಿನ ದೊಡ್ಡ ಕೋಣೆಯಲ್ಲಿ ಹೊಸ ಬಿಳಿ ಹಲಗೆ, ಅದರ ಮುಂದೆ ಮ್ಯಾನೇಜರು ಒಬ್ಬರೇ. ಚಹಾ ಕೋಣೆಯಲ್ಲಿ ಖತಿಜಾಬಿ ಒಲೆ ಹಚ್ಚುತ್ತಿದ್ದಾರೆ. ಮೊದಲು ಸ್ನೇಹಲ್ ಬರುತ್ತಾಳೆ, ಆಮೇಲೆ ಕಾಂತೇಶ, ಆಮೇಲೆ ಉಳಿದ ಏಳು ಮಂದಿ. ಕಾಂತೇಶನ ಕಂಕುಳಲ್ಲಿ ಆ ಕೌದಿ. ಗ್ಯಾಸಿನ ಮೇಲುಗಡೆ ಇದ್ದ ಮೊಳೆಗೆ ಹಾಕಲು ಹೋಗುತ್ತಾನೆ.

“ಅಲ್ಲಿ ಬ್ಯಾಡೋ, ಬೆಂಕಿ ಹತ್ತೀತು. ಈ ಕಡೆ ಹಾಕು.”

ಮ್ಯಾನೇಜರು ಬಾಗಿಲಿಗೆ ಬಂದು ನಿಲ್ಲುತ್ತಾರೆ. “ಏನ್ ನಡದೈತಿ ಇಲ್ಲಿ?”

“ಚಾ ಕುಡ್ಯಾಕ ಬಂದೇವ್ರಿ ಸರ್,” ಎನ್ನುತ್ತಾನೆ ಕಾಂತೇಶ. “ಒಂಬತ್ತೂ ಮಂದಿ.”

ಅವರು ತಮ್ಮ ಬಿಳಿ ಹಲಗೆಯ ಕಡೆಗೆ ತಿರುಗಿ ಹೋಗುತ್ತಾರೆ. ಖತಿಜಾಬಿ ಗ್ಲಾಸು ಹಂಚುತ್ತಾ ಸ್ನೇಹಲ್‌ಳನ್ನು ಕೇಳುತ್ತಾರೆ, ನಿನ್ನೆ ಎಷ್ಟಾತು? ಹದಿನೈದು ನಿಮಿಷದಲ್ಲಿ ಮಾತು ಮುಗಿಯುತ್ತದೆ, ಗ್ಲಾಸುಗಳೂ ಖಾಲಿಯಾಗುತ್ತವೆ.

ನಾಳೆ ಇನ್ನೊಂದು ಕಾಗದ ಬರಬಹುದು. ಬಂದರೆ ಅದನ್ನೂ ಬರೆಯುತ್ತೇನೆ. ಹೊರಡುವ ಮುನ್ನ, ಕಾರ್ಡಿನಲ್ಲಿ ಏನಾದರೂ ಬದಲಾಗಬೇಕೇ ಎಂದು ಕೇಳಿದೆ. ಖತಿಜಾಬಿ ಒದ್ದೆ ಕೈ ಒರೆಸಿಕೊಂಡು ಕೊರಳಿನ ಕಾರ್ಡು ಎತ್ತಿ ನೋಡಿದರು.

“ಆ ‘ಚಹಾ ಕೋಣೆ’ ಅನ್ನೂದೊಂದು ಅಳಸ್ರಿ ಅಂತ ಕೇಳಬೇಕಂತಿದ್ದೆ. ಈಗ ಬ್ಯಾಡ. ಚಾ ಕೋಣಿ ಅಂದ್ರ ಏನಂತ ಈ ಆಫೀಸಿನಾಗ ಎಲ್ಲಾರಿಗೂ ಗೊತ್ತಾತು.”