ಡಾಕ್ಟರ್ ಸೋಮನಾಥಯ್ಯನವರನ್ನು ನಾನು ಸಾಯಿಸಿದ್ದು

ಗಂಗಾನಗರದ ನಮ್ಮ ರಸ್ತೆಯಲ್ಲಿ ಮನೆಗೊಂದು ಟೀವಿ ಇದ್ದರೂ ಭಾನುವಾರ ಮಧ್ಯಾಹ್ನ ಹುಡುಗರೆಲ್ಲ ದೊಡ್ಡಪ್ಪನ ಟೀವಿಯ ಮುಂದೆಯೇ ಕೂರುತ್ತಿದ್ದ ಕಾಲವೊಂದಿತ್ತು. ಟೀವಿ ದೊಡ್ಡದೆಂದಲ್ಲ. ದೊಡ್ಡಮ್ಮ ದೊಡ್ಡ ಬೋಗುಣಿಯಲ್ಲಿ ಗಿರಮಿಟ್ಟು ಕಲಸುತ್ತಿದ್ದರು. ಮಂಡಕ್ಕಿಗೆ ಹುಣಸೆಯ ಗೊಜ್ಜು, ಹಸಿ ಈರುಳ್ಳಿ, ಮೇಲೆ ಪುಟಾಣಿ ಹಿಟ್ಟು. ಅದರ ವಾಸನೆ ಬಂದ ತಕ್ಷಣ ಲಗೋರಿ ಕಲ್ಲುಗಳನ್ನು ಬಿದ್ದಲ್ಲೇ ಬಿಟ್ಟು ಓಡುತ್ತಿದ್ದೆವು. ಒಂದೇ ಶರತ್ತು: ಕಪ್ಪು ಬಿಳುಪು ಸಿನಿಮಾವನ್ನು ಕೊನೆಯವರೆಗೂ ಬಾಯಿ ಮುಚ್ಚಿಕೊಂಡು ನೋಡಬೇಕು.

ಬಾಯಿ ಮುಚ್ಚುವುದು ನನ್ನಿಂದ ಆಗದ ಕೆಲಸ. ಹನ್ನೊಂದನೆಯ ವರ್ಷಕ್ಕೇ ನಾನು ಆ ರಸ್ತೆಯ ಅಧಿಕೃತ ಕೋತಿ. ಸೊಪ್ಪಿನವರ ಕೂಗು, ಕನ್ನಡ ಮೇಡಂ ಬೈಗುಳ, ದೊಡ್ಡಮ್ಮನ ಸೀನು, ಯಾವುದೂ ನನ್ನ ಗಂಟಲಿನಿಂದ ತಪ್ಪಿಸಿಕೊಂಡಿರಲಿಲ್ಲ. ನನ್ನ ಸ್ವಂತ ದನಿ ಮಾತ್ರ ನೆಗಡಿಯಾದ ಕುರಿಮರಿಯದು. ಅದಕ್ಕೇ ಬೇರೆಯವರದ್ದನ್ನು ಎರವಲು ತರುತ್ತಿದ್ದೆ.

ದೊಡ್ಡಪ್ಪ ಗದಗದ ಕಡೆಯವರು. ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತು ನಿವೃತ್ತರಾಗಿದ್ದರು. ಹಳೆಯ ಸಿನಿಮಾಗಳ ವಿಷಯದಲ್ಲಿ ಅವರ ಮಾತೇ ಕೊನೆ. ಗಹಗಹಿಸುವ ಖಳನಾಯಕರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಸುಮ್ಮನ ಕುಂತು ಚಾ ಕುಡಿಯೂದು ನೋಡಿ ಹೆದರಿಕಿ ಬರಬೇಕಲೇ, ಅವನ ಖಳನಾಯಕ. ಇವರು ನಗತಾರೋ ಕೆಮ್ಮತಾರೋ ತಿಳಿಯಂಗಿಲ್ಲ" ಎನ್ನುತ್ತಿದ್ದರು. ನಾಯಕರ ಬಗ್ಗೆಯೂ ಅಷ್ಟೇನೂ ಕರುಣೆ ಇರಲಿಲ್ಲ. ಅವರ ಆರಾಧನೆಯೆಲ್ಲ ಒಬ್ಬ ಡಾಕ್ಟರಿಗೆ.

ನಿಮಗೂ ನೆನಪಿರಬಹುದು. ಹಳೆಯ ಸಿನಿಮಾಗಳಲ್ಲಿ ತಾಯಿ ಹಾಸಿಗೆ ಹಿಡಿದರೆ ಕೈಚೀಲ ಹಿಡಿದು ಒಬ್ಬ ಡಾಕ್ಟರು ಬರುತ್ತಾರೆ. ನಾಡಿ ನೋಡುತ್ತಾರೆ, "ನನ್ನ ಕೈಲಾದದ್ದೆಲ್ಲ ಮಾಡಿದ್ದೇನೆ, ಇನ್ನು ದೇವರ ಇಚ್ಛೆ" ಎಂದು ಹೊರಟುಹೋಗುತ್ತಾರೆ. ಒಂದೇ ದೃಶ್ಯ. ಸಾಲುಸಾಲು ಸಿನಿಮಾಗಳಲ್ಲಿ ಆ ಒಂದೇ ದೃಶ್ಯವನ್ನು ಮಾಡಿದವರು ಸೋಮನಾಥಯ್ಯ.

"ಹೀರೋ ಅತ್ತದ್ದು ಎಲ್ಲಾರೂ ನೋಡ್ತಾರ" ಎನ್ನುತ್ತಿದ್ದರು ದೊಡ್ಡಪ್ಪ. "ಅಂವ ಅಳೂಹಂಗ ಮಾಡಿದವರು ಯಾರು? 'ದೇವರ' ಅಂದ ಮ್ಯಾಲ ಒಂದ್ ಚೂರು ತಡೀತಾರ ನೋಡಲೇ, ಅಲ್ಲೇ ಅದ ಇಡೀ ಸಿನಿಮಾ."

ಆ ವರ್ಷದ ಅಕ್ಟೋಬರಿನಲ್ಲಿ ದೊಡ್ಡಪ್ಪನಿಗೆ ಯಾರೋ ಸುದ್ದಿ ಕೊಟ್ಟರು: ಸೋಮನಾಥಯ್ಯ ಅಮೃತಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಮರುದಿನವೇ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದರು. ಬಾಗಿಲು ತೆರೆದವರು ಬನಿಯನ್ನಿನಲ್ಲಿದ್ದ ಸಣ್ಣ ಮನುಷ್ಯ. ಕೈಯಲ್ಲಿ ಅರ್ಧ ಬಿಡಿಸಿದ ಅವರೆಕಾಯಿ. ಡಾಕ್ಟರು ಅವರೆಕಾಯಿ ಬಿಡಿಸುತ್ತಾರೆಂಬುದೇ ನನಗೆ ದೊಡ್ಡ ಆಘಾತ.

ದೊಡ್ಡಪ್ಪ ಅವರ ಸಿನಿಮಾಗಳನ್ನು ಒಂದೊಂದಾಗಿ ಹೇಳುತ್ತ ಹೋದಂತೆ ಆ ಮನುಷ್ಯ ನಾಚಿಕೊಂಡರು.

"ಅದೆಲ್ಲ ಯಾರಿಗ್ ಗೊತ್ತು ಸ್ವಾಮಿ? ಟೈಟಲಲ್ಲಿ ಕೊನೇಗೆ 'ಮತ್ತಿತರರು' ಅಂತ ಬರುತ್ತಲ್ಲ, ಅದು ನಾನು. ಮೈಕಲ್ಲಿ ನನ್ ಹೆಸರು ಯಾರೂ ಒಂದ್ಸಲಾನೂ ಕರ್ದಿಲ್ಲ."

"ನಾ ಕರಸ್ತೀನ್ರಿ" ಎಂದರು ದೊಡ್ಡಪ್ಪ. "ನಮ್ಮ ಏರಿಯಾದ ರಾಜ್ಯೋತ್ಸವಕ್ಕ ಬರ್ರಿ. ನಿಮ್ಮ ಹೆಸರ ಮೈಕಿನ್ಯಾಗ ಕೇಳಿಸಲಿಲ್ಲಂದ್ರ ನಾ ಸಿನಿಮಾ ನೋಡೂದ ಬಿಡ್ತೀನಿ."

ಉತ್ಸವ ಸಮಿತಿಯ ಅಧ್ಯಕ್ಷರನ್ನು ಒಪ್ಪಿಸಲು ದೊಡ್ಡಪ್ಪ ಹತ್ತು ಸಲ ಅಲೆದರು. ಕೊನೆಗೆ ಐದು ನಿಮಿಷ ಸಿಕ್ಕಿತು. ಮೊದಲು ನಾನು ಡಾಕ್ಟರ ಹೆಸರು ಹೇಳಿ ಅವರ ದನಿಯಲ್ಲಿ ಆ ಸಾಲನ್ನು ಹೇಳಬೇಕು, ಆಮೇಲೆ ಅವರು ವೇದಿಕೆಗೆ ಬರಬೇಕು, ಶಾಲು ಹೊದಿಸಬೇಕು. ಒಂದು ತಿಂಗಳು ದೊಡ್ಡಪ್ಪ ನನ್ನನ್ನು ತಿದ್ದಿದರು. 'ದೇವರ' ಆದಮೇಲಿನ ತಡೆಯನ್ನು ಗಡಿಯಾರ ಹಿಡಿದು ಕಲಿಸಿದರು. ಪೀಠಿಕೆಯ ಮಾತನ್ನು ಮಾತ್ರ ನನಗೇ ಬಿಟ್ಟರು.

ಅನಾಹುತ ಅಲ್ಲೇ ಆದದ್ದು. ನನ್ನ ಮಿಮಿಕ್ರಿ ವಿದ್ಯೆಯೆಲ್ಲ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಗಳಿಂದ ಕದ್ದದ್ದು. ಅಲ್ಲಿ ಮಿಮಿಕ್ರಿಯವರು ಹಳೆಯ ನಟರ ದನಿ ಮಾಡುವ ಮುನ್ನ ಎದೆಯ ಮೇಲೆ ಕೈಯಿಟ್ಟು ಒಂದು ಮಾತು ಹೇಳುತ್ತಿದ್ದರು: "ಇಂದು ನಮ್ಮೊಂದಿಗೆ ಇಲ್ಲದಿದ್ದರೂ ನಮ್ಮ ಹೃದಯದಲ್ಲಿ ಸದಾ ಬದುಕಿರುವ." ಅದು 'ಮಾನ್ಯ', 'ಶ್ರೀಯುತ' ಎಂಬಂತೆ ಒಂದು ಬಿರುದು ಎಂದೇ ನಾನು ತಿಳಿದಿದ್ದೆ. ದೊಡ್ಡ ಕಲಾವಿದರಿಗೆ ಅದನ್ನು ಸೇರಿಸದಿದ್ದರೆ ಅವಮಾನ ಎಂಬುದು ನನ್ನ ಲೆಕ್ಕ.

ನವೆಂಬರ್ ಕೊನೆಗೆ ನಡೆದ ನಮ್ಮ ಏರಿಯಾದ ರಾಜ್ಯೋತ್ಸವದ ಸಂಜೆ ಸೋಮನಾಥಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು. ಮುಂದಿನ ಸೋಫಾಗಳು ಗಣ್ಯರಿಗೆ ಮೀಸಲೆಂದು ಸ್ವಯಂಸೇವಕರು ಅವರನ್ನು ಮೂರನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಗೆ ಕಳಿಸಿದರು. ನನ್ನ ಸರದಿ ಬಂದಾಗಲೂ ಸೋಫಾಗಳು ಖಾಲಿಯೇ ಇದ್ದವು.

ನಾನು ಮೈಕಿನ ಮುಂದೆ ನಿಂತು, ಎದೆಯ ಮೇಲೆ ಕೈಯಿಟ್ಟು, ನನಗೆ ಗೊತ್ತಿದ್ದ ಅತಿ ದೊಡ್ಡ ಗೌರವವನ್ನು ಅವರಿಗೆ ಸಲ್ಲಿಸಿದೆ. "ಇಂದು ನಮ್ಮೊಂದಿಗೆ ಇಲ್ಲದಿದ್ದರೂ ನಮ್ಮ ಹೃದಯದಲ್ಲಿ ಸದಾ ಬದುಕಿರುವ ಹಿರಿಯ ನಟ ಸೋಮನಾಥಯ್ಯನವರು." ಆಮೇಲೆ ಡಾಕ್ಟರ ಸಾಲು. ತಡೆ ಸಹಿತ, ಕೂದಲೆಳೆಯಷ್ಟೂ ತಪ್ಪದಂತೆ.

ನಿರೂಪಕ ಕಣ್ಣೊರೆಸಿಕೊಳ್ಳುತ್ತ ಮೈಕು ಕಿತ್ತುಕೊಂಡ. ಸೋಮನಾಥಯ್ಯ ಎಂದರೆ ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಸತ್ತವರಿಗೆ ಏನು ಮಾಡಬೇಕೆಂಬುದು ಮಾತ್ರ ಗೊತ್ತಿತ್ತು. "ದಯವಿಟ್ಟು ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ."

ಮೈದಾನವೆಲ್ಲ ಎದ್ದಿತು. ಮೂರನೆಯ ಸಾಲಿನಲ್ಲಿ ಸೋಮನಾಥಯ್ಯನವರೂ ಎದ್ದರು. ಜೀವಮಾನವಿಡೀ ಹೇಳಿದ ಜಾಗದಲ್ಲಿ ಹೇಳಿದಂತೆ ನಿಂತವರು. ಕೈ ಕಟ್ಟಿ, ತಲೆ ತಗ್ಗಿಸಿ, ತಮ್ಮ ಸಾವಿಗೆ ತಾವೇ ಮೌನವಾಗಿ ನಿಂತರು.

ವೇದಿಕೆಯ ಪಕ್ಕದಿಂದ ದೊಡ್ಡಪ್ಪನ ದನಿ ಸಿಡಿಯಿತು: "ಲೇ, ಬದುಕ್ಯಾರಲೇ ಅವರು. ಅಲ್ಲೇ ನಿಂತಾರ ನೋಡ್ರಿ, ಬಿಳಿ ಅಂಗಿ."

ಜನ ತಿರುಗಿ ನೋಡಿದರು. ಆಮೇಲೆ ನಕ್ಕರು. ಅಷ್ಟರಲ್ಲಿ ಗಣ್ಯರ ಕಾರು ಬಂತೆಂದು ಡೊಳ್ಳು ಶುರುವಾಯಿತು. ಐದು ನಿಮಿಷ ಮುಗಿದಿತ್ತು. ಶಾಲು ಗಣ್ಯರ ಜೊತೆ ಬಂದಿದ್ದ ಯಾರದೋ ಹೆಗಲೇರಿತು.

"ಬಿಡಿ ಸಾರ್, ಚಿಕ್ ಹುಡ್ಗ" ಎಂದು ಅಧ್ಯಕ್ಷರು ದೊಡ್ಡಪ್ಪನ ಬೆನ್ನು ತಟ್ಟಿದರು. "ಜನ ಎಂಜಾಯ್ ಮಾಡಿದ್ರಲ್ಲ. ನಿಜ ಹೇಳ್ಬೇಕಂದ್ರೆ ನಾನೂ ಅವ್ರು ಹೋಗ್ಬಿಟ್ಟಿದ್ದಾರೆ ಅಂತಾನೇ ಅನ್ಕೊಂಡಿದ್ದೆ."

ಆಟೋ ಹತ್ತುವ ಮುನ್ನ ಸೋಮನಾಥಯ್ಯ ನನ್ನ ಕೆನ್ನೆ ಮುಟ್ಟಿದರು. "ಚೆನ್ನಾಗಿ ಹಿಡ್ದಿದೀಯ ಮರಿ. ನನ್ ದನೀನ ಎದುರ್ಗಡೆ ಕೂತ್ಕೊಂಡು ನಾನೇ ಕೇಳಿದ್ದು ಇದೇ ಮೊದ್ಲು."

ನಾನು ಹಲ್ಲು ಕಿರಿದು ಥ್ಯಾಂಕ್ಸ್ ಎಂದೆ. ನನಗಿನ್ನೂ ಏನಾಯಿತೆಂದು ಅರ್ಥವಾಗಿರಲಿಲ್ಲ.

"ಮುಂದಿನ ವರ್ಷ ಬರ್ರಿ ಸಾಹೇಬ್ರ, ಸರಿಯಾಗಿ ಮಾಡ್ತೀವಿ" ಎಂದರು ದೊಡ್ಡಪ್ಪ.

"ಬೇಡಿ ಸ್ವಾಮಿ. ಹೆಸ್ರು ಕರದ್ರಲ್ಲ, ಸಾಕು."

ಮನೆಯಲ್ಲಿ ಏಟು ಬೀಳುತ್ತದೆಂದುಕೊಂಡೆ. ಬಿದ್ದಿದ್ದರೆ ಚೆನ್ನಾಗಿತ್ತು. ದೊಡ್ಡಪ್ಪ ಒಂದೇ ಕೇಳಿದರು: "ಆ ಮಾತು ನಿನಗ ಯಾರ ಕಲಿಸಿದ್ರಲೇ?"

"ಎಲ್ರೂ ಹೇಳ್ತಾರೆ ದೊಡ್ಡಪ್ಪ."

"ಹೌದು. ಎಲ್ಲಾರೂ ಹೇಳ್ತಾರ" ಎಂದು ಒಳಗೆ ಹೋದರು. ಆ ಭಾನುವಾರ ಟೀವಿ ಹಾಕಲಿಲ್ಲ. ಮುಂದಿನ ಭಾನುವಾರವೂ ಇಲ್ಲ.

ಸೋಮನಾಥಯ್ಯ ನಿಜವಾಗಿ ತೀರಿಕೊಂಡದ್ದು ಅದಾಗಿ ಐದು ವರ್ಷಕ್ಕೆ. ಯಾವ ಮೈದಾನವೂ ಎದ್ದು ನಿಲ್ಲಲಿಲ್ಲ. ಮೊದಲೇ ಆಗಿಹೋಗಿತ್ತಲ್ಲ.

ಈಗ ನಾನು ಮದುವೆ ಮನೆಗಳಲ್ಲಿ, ಹೆಬ್ಬಾಳದ ಕಚೇರಿಗಳ ಸಮಾರಂಭಗಳಲ್ಲಿ ದನಿ ಬದಲಿಸಿ ಹೊಟ್ಟೆ ಹೊರೆಯುತ್ತೇನೆ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಬದುಕಿದ್ದಾಗ ಕುರ್ಚಿ ಕೊಡದೆ, ಸತ್ತರೆಂದು ಕೇಳಿದೊಡನೆ ಎದ್ದು ನಿಲ್ಲುವ ನಮ್ಮ ಈ ಚಾಳಿಯ ಮೇಲೆ ಸಿಟ್ಟು. ಹಳೆಯ ಸಿನಿಮಾ ಹಾಕುವ ಚಾನೆಲ್ಲುಗಳ ಮೇಲೆ ಸಿಟ್ಟು. ಹಲ್ಲುಪುಡಿಯ ಜಾಹೀರಾತಿಗೆ ಜಾಗ ಬೇಕಾದಾಗ ಅವು ನಾಯಕನ ಹಾಡನ್ನು ಮುಟ್ಟುವುದಿಲ್ಲ, ಡಾಕ್ಟರ ದೃಶ್ಯವನ್ನೇ ಕತ್ತರಿಸುತ್ತವೆ. ಫೋನಿನಲ್ಲಿ ಸಿಗುವ ಪ್ರತಿಗಳೂ ಆ ಕತ್ತರಿಸಿದವುಗಳೇ. ಹುಡುಕಿ ಹುಡುಕಿ ನಾನು ಸೋತಿದ್ದೇನೆ. ಇವೆಲ್ಲಕ್ಕಿಂತ ದೊಡ್ಡ ಸಿಟ್ಟು ಆ ಹನ್ನೊಂದು ವರ್ಷದ ಬಾಯಿಬಡುಕನ ಮೇಲೆ. ಅವನನ್ನು ಹಿಡಿದು ಬಾರಿಸೋಣವೆಂದರೆ ನನ್ನ ಕೆನ್ನೆಯೇ ಉರಿಯುತ್ತದೆ.

ಒಮ್ಮೊಮ್ಮೆ ಕಾರ್ಯಕ್ರಮದ ನಡುವೆ ಡಾಕ್ಟರ ಆ ಸಾಲನ್ನು ಹೇಳುತ್ತೇನೆ. "ಇದ್ಯಾರ್ ಗುರು? ಗೊತ್ತಿರೋರ್ದ್ ಮಾಡು" ಎಂಬ ಕೂಗು ಬರುತ್ತದೆ. ಮೂಲ ಗೊತ್ತಿಲ್ಲದವರ ಮುಂದೆ ಮಿಮಿಕ್ರಿಯೇ ಇಲ್ಲ, ಒಬ್ಬ ಹುಚ್ಚ ಮಾತಾಡಿದಂತೆ ಅಷ್ಟೆ.

ಹೋದ ತಿಂಗಳು ದೊಡ್ಡಪ್ಪನ ಮುಂದೆ ಕೂತು ಆ ಸಾಲನ್ನು ಹೇಳಿದೆ. ಅವರಿಗೀಗ ಎಂಬತ್ತು ದಾಟಿದೆ. ಕಣ್ಣು ಮುಚ್ಚಿ ಕೇಳಿದರು.

"ಸರಿ ಐತೇನು ದೊಡ್ಡಪ್ಪ?" ಎಂದು ಅವರ ಧಾಟಿಯಲ್ಲೇ ಕೇಳಿದೆ.

ಅವರು ಕಣ್ಣು ತೆರೆದರು. "ತಿಳಿಯವಲ್ದಲೇ. ಅವರ ದನಿ ನೆನಸ್ಕೋಬೇಕಂತ ಕುಂತ್ರ ಈಗ ನಿಂದ ಬರತದ."

ಅಂದರೆ ನನ್ನ ತಡೆ ಒಂದು ಗಳಿಗೆ ಹೆಚ್ಚಾಗಿದೆಯೋ, ಕಡಿಮೆಯಾಗಿದೆಯೋ ಹೇಳಲು, ತಪ್ಪು ಮಾಡಿದೆ ಎಂದು ತಲೆಗೆ ಮೊಟಕಲು ಈ ಊರಿನಲ್ಲಿ ಇನ್ನು ಒಬ್ಬರೂ ಇಲ್ಲ.