ಕಾಕೂನ ಬೋಗುಣಿ

ಮೊನ್ನೆ ಪಂಚಮಿಗೆಂದು ಅಟ್ಟದ ಮೇಲಿನ ಪಾತ್ರೆಗಳನ್ನು ಇಳಿಸಿದೆ. ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಒಂದು ಹಿತ್ತಾಳೆ ಬೋಗುಣಿಯ ಅಂಚಿನಲ್ಲಿ ಬೇರೆ ಮನೆಯ ಹೆಸರು ಕಂಡಿತು. ಹುಣಸೆಯ ಹುಳಿ ವಾಸನೆಯ ಜೊತೆ ಹಳೆಯ ಸಿಟ್ಟೂ ಎದ್ದು ಬಂತು...

ತೊಂಬತ್ತರ ದಶಕದಲ್ಲಿ ನಾವು ಸವದತ್ತಿಯಲ್ಲಿದ್ದೆವು. ಪಕ್ಕದ ಮನೆಯಲ್ಲಿ ಒಬ್ಬಳೇ ಇದ್ದ ಹೆಂಗಸು ಓಣಿಗೆಲ್ಲ ಕಾಕೂ. ಪಿಯುಸಿ ಮುಗಿಯುವ ಮೊದಲೇ ನನ್ನ ಮದುವೆಯಾಗಿತ್ತು. ಶಾಲೆಯಲ್ಲಿ ಕಲಿಸಬೇಕೆಂಬುದು ನನ್ನ ಒಂದೇ ಹಟ. ಗಂಡನಿಗೆ ಮಾತ್ರ ಹೇಳಿ, ಅತ್ತೆಗೆ ಮುಚ್ಚಿಟ್ಟು ಪಿಯುಸಿ ಪರೀಕ್ಷೆ ಕಟ್ಟಿದ್ದೆ. ಕಾಕೂನ ಹಿತ್ತಲಲ್ಲಿ ಕೂತು ಓದುತ್ತಿದ್ದೆ. ಆ ಪುಣ್ಯಾತ್ಗಿತ್ತಿ ಒಂದು ದಿನ ಕಟ್ಟೆಯ ಮೇಲೆ ಕೂತು ನನ್ನ ಅತ್ತೆಗೇ ಹೇಳಿಬಿಟ್ಟಳು: "ನಿಮ್ಮ ಸೊಸಿ ಸಾಲಿ ಅಕ್ಕೋರ ಆಗತಾಳಂತ. ಛಲೋ ಆತು ಬಿಡ್ರಿ."

ಖುಷಿಗೇ ಹೇಳಿದ್ದಳು, ಈಗ ಗೊತ್ತು. ಪರೀಕ್ಷೆಯ ವಾರ ಬರುತ್ತಲೇ ಅತ್ತೆ ನನ್ನನ್ನು ಸಾಲಹಳ್ಳಿಗೆ, ನಾದಿನಿಯ ಬಾಣಂತನಕ್ಕೆ ಕಳಿಸಿದರು. ಅಲ್ಲಿ ಕೂಸಿನ ಬಟ್ಟೆ ಒಗೆಯುತ್ತ ಕಾಕೂಗೆ ಬುದ್ಧಿ ಕಲಿಸಿಯೇ ತೀರುತ್ತೇನೆಂದು ಆಣೆ ಇಟ್ಟುಕೊಂಡೆ. ಅತ್ತೆಯ ಮುಂದೆ ದನಿ ಎತ್ತುವ ಧೈರ್ಯ ನನಗಿರಲಿಲ್ಲ.

ನಮ್ಮ ಕಡೆ ತುಂಬಿ ಬಂದ ಪಾತ್ರೆಯನ್ನು ಖಾಲಿ ಮರಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯನ್ನಾದರೂ ಹಾಕಬೇಕು. ಖಾಲಿ ಕೊಟ್ಟರೆ ಋಣ ಹರಿಯಿತೆಂದೇ ಅರ್ಥ. ಯುಗಾದಿಗೆ ಕಾಕೂ ಇದೇ ಬೋಗುಣಿಯಲ್ಲಿ ಹೋಳಿಗೆ ಕಳಿಸಿದಳು. ಹೋಳಿಗೆ ತಿಂದೆ, ಅದನ್ನು ಬಿಡುವಷ್ಟು ಸಿಟ್ಟು ನನಗೆ ಯಾವತ್ತೂ ಬಂದಿಲ್ಲ. ಬೋಗುಣಿ ತೊಳೆದು, ಒರೆಸಿ, ಓಣಿಯ ಹೆಂಗಸರೆಲ್ಲ ನೋಡುವಂತೆ ಖಾಲಿಯೇ ಆಕೆಯ ಕೈಗೆ ಕೊಟ್ಟೆ. ಕಾಕೂ ಒಳಗೆ ನೋಡಿದಳು, ನನ್ನ ಮುಖ ನೋಡಿದಳು. "ಇರ್ಲಿ ಬಿಡವಾ" ಎಂದು ಬಾಗಿಲು ಎಳೆದುಕೊಂಡಳು. ಸುಳ್ಳೇಕೆ ಹೇಳಲಿ, ಅವತ್ತು ನನ್ನ ಹೊಟ್ಟೆ ತಣ್ಣಗಾಯಿತು. ಅಲ್ಲಿಗೂ ಬಿಡಲಿಲ್ಲ. ಅಂಗಳ ತೊಳೆದ ನೀರನ್ನು ದಿನಾ ಆಕೆಯ ರಂಗೋಲಿಯತ್ತಲೇ ಹರಿಯಬಿಡುತ್ತಿದ್ದೆ.

ಮರುವರ್ಷ ಗಂಡ ತಾಯಿಗೆ ಎದುರು ನಿಂತು ನನ್ನನ್ನು ಪರೀಕ್ಷೆಗೆ ಕಳಿಸಿದ. ಕೇಂದ್ರ ಬೈಲಹೊಂಗಲದಲ್ಲಿತ್ತು. ಅಂದು ಹುಣ್ಣಿಮೆಯ ಮರುದಿನ. ದೇವಿಯ ಗುಡ್ಡ ಇಳಿದು ಬಂದ ಜನ ಬಸ್ಸಿನ ಬಾಗಿಲಿಗೇ ಜೋತುಬಿದ್ದಿದ್ದರು. ಆ ಬಸ್ಸು ತಪ್ಪಿದರೆ ಪರೀಕ್ಷೆಯೂ ತಪ್ಪುತ್ತಿತ್ತು. ಹಾಲ್ ಟಿಕೆಟ್ ಹಿಡಿದು ಅಳುತ್ತ ನಿಂತೆ. ಮಗಳ ಮನೆಗೆ ಹೊರಟಿದ್ದ ಕಾಕೂ ಕಿಟಕಿಯ ಪಕ್ಕ ಕೂತಿದ್ದಳು. ಮುಖ ತಿರುವಿದೆ.

ಆಕೆ ಸೀಟಿನ ಮೇಲೆ ತನ್ನ ಚೀಲವಿಟ್ಟು, ಜನರನ್ನು ತಳ್ಳಿಕೊಂಡು ಕೆಳಗಿಳಿದಳು. "ಸರೀರಿ, ಹುಡುಗಿದು ಪರೀಕ್ಷಾ ಐತಿ" ಎಂದು ನನ್ನ ರಟ್ಟೆ ಹಿಡಿದು ಒಳಗೆ ದೂಡಿದಳು. "ನನ್ನ ಚೀಲ ಐತಲ್ಲ, ಅಲ್ಲೇ ಕುಂದರು. ನಾ ಮುಂದಿನ ಬಸ್ಸಿಗೆ ಬರತೇನಿ."

ಕಿಟಕಿಯಿಂದ ಚೀಲ ಕೊಟ್ಟೆ. ಆಕೆ ಸೆರಗಿನ ಗಂಟು ಬಿಚ್ಚಿ ನನ್ನ ಅಂಗೈಗೆ ಕಲ್ಲುಸಕ್ಕರೆ ಹಾಕಿದಳು. "ಖಾಲಿ ಕೈಲೆ ಹೋಗಬ್ಯಾಡವಾ."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಕಲ್ಲುಸಕ್ಕರೆಯನ್ನು ಮುಷ್ಟಿಯಲ್ಲಿ ಹಿಡಿದೇ ಹೋದೆ.

ಪಾಸಾದೆ. ಆ ಬೇಸಿಗೆಯಲ್ಲೇ ಗಂಡನಿಗೆ ರಾಮದುರ್ಗಕ್ಕೆ ವರ್ಗವಾಯಿತು. ಸಾಮಾನು ಲಾರಿಗೆ ಏರಿಸುವಾಗ ಕಾಕೂ ಇದೇ ಬೋಗುಣಿಯ ತುಂಬ ಹಚ್ಚಿದ ಅವಲಕ್ಕಿ ತಂದುಕೊಟ್ಟಳು. ತಪ್ಪಾಯಿತೆಂದು ಆಗಲೂ ಹೇಳಲಿಲ್ಲ. ತುಂಬಿಕೊಂಡು ಬಂದು ಕೊಡುತ್ತೇನೆ, ಆಗ ಎಲ್ಲ ಹೇಳುತ್ತೇನೆ ಎಂದುಕೊಂಡೆ. ತರಬೇತಿ, ಶಾಲೆ, ಎರಡು ಮಕ್ಕಳು... ಎಷ್ಟೋ ವರ್ಷಗಳ ಮೇಲೆ ಬೇಸನ್ ಉಂಡಿ ತುಂಬಿಕೊಂಡು ಹೋದರೆ, ಆ ಬಾಗಿಲು ತೆರೆದವರು ಬೇರೆಯವರು.

"ಕಾಕೂ ಹೋಗಿ ಎರಡ ವರ್ಷ ಆತ್ರಿ" ಅಂದರು.

ಅವರಿಗೆ ಒಂದು ಉಂಡಿಯನ್ನೂ ಕೊಡದೆ ತಿರುಗಿ ಬಂದೆ.

ಕಾಕೂನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಸೇಡು ತೀರಿಸಿಕೊಂಡವಳು ನಾನಲ್ಲ, ಆಕೆ. ನಾನು ಖಾಲಿ ಬೋಗುಣಿ ಕೊಟ್ಟೆ. ಆಕೆ ತುಂಬಿದ್ದನ್ನು ಕೊಟ್ಟು, ಮರಳಿಸಲು ಜಾಗವಿಲ್ಲದಂತೆ ಮಾಡಿ ಹೋದಳು. ಮೊನ್ನೆ ತಿಕ್ಕಿ ಒರೆಸಿದ ಮೇಲೆ ಅದನ್ನು ಖಾಲಿಯೇ ಅಟ್ಟಕ್ಕೇರಿಸಲು ಕೈ ಬರಲಿಲ್ಲ. ಒಂದು ಹಿಡಿ ಸಕ್ಕರೆ ಹಾಕಿ ಇಟ್ಟೆ. ಇರುವೆ ಮುತ್ತಿವೆ. ತಿನ್ನಲಿ, ನಾಳೆ ಮತ್ತೆ ತುಂಬುತ್ತೇನೆ.