ಗಡಿಗಲ್ಲಿನ ಮೇಲಿನ ಕತ್ತರಿ

ಡ್ರಾಯರ್ ಎಳೆದಾಗ ಯಂತ್ರದೆಣ್ಣೆಯ ಹಳೆಯ ವಾಸನೆ ಬಂತು. ಒಳಗಿದ್ದದ್ದು ದ್ರಾಕ್ಷಿ ಬಳ್ಳಿ ಸವರುವ ಕತ್ತರಿ. ಹೊರಗೆ ಯಲಹಂಕದ ವಿಮಾನ ಪ್ರದರ್ಶನಕ್ಕೆ ಬಂದ ಯುದ್ಧವಿಮಾನಗಳು ದೇವನಹಳ್ಳಿಯ ಮೇಲೆ ಸುತ್ತುತ್ತಿದ್ದವು. ವಾಸನೆಯಿಂದಲೋ ಸದ್ದಿನಿಂದಲೋ, ಮೇಷ್ಟ್ರು ನೆನಪಾದರು.

ಕಾಲೇಜಿನಲ್ಲಿ ಅವರು ನಮಗೆ ರಾಜ್ಯಶಾಸ್ತ್ರ ಹೇಳುತ್ತಿದ್ದರು. ರಾಯಭಾರಿಯನ್ನೇ ಕಳಿಸದ ದೇಶಕ್ಕೆ ಆಯುಧ ಮಾತ್ರ ಮಾರುವುದೇಕೆ ಎಂದು ಒಮ್ಮೆ ಕೇಳಿದ್ದೆ.

"ಫಿರಂಗಿ ಮಾರಿದ್ರೆ ಅಲ್ಲಿಗೇ ಮುಗಿಯಲ್ಲ ಕಣಯ್ಯ. ಗುಂಡು ಬೇಕು, ಬಿಡಿಭಾಗ ಬೇಕು, ಕೆಟ್ರೆ ಮಾರಿದೋರನ್ನೇ ಕರೀಬೇಕು. ರಾಯಭಾರಿ ಹೋಗದ ಊರಿಗೆ ಮೆಕ್ಯಾನಿಕ್ ಹೋಗ್ತಾನೆ."

ಹೀಗೇ ಹೇಳಿದರೋ, ಮುಂದೆ ಯೂನಿವರ್ಸಿಟಿಯಲ್ಲಿ ಓದಿದ್ದನ್ನು ನಾನೇ ಅವರ ಬಾಯಿಗೆ ತುರುಕುತ್ತಿದ್ದೇನೋ... ಕತ್ತರಿಯ ವಿಷಯ ಮಾತ್ರ ಕಣ್ಣಾರೆ ಕಂಡದ್ದು.

ಕುಂದಾಣದ ಬಳಿ ಅವರದೂ ಅವರ ಅಣ್ಣನದೂ ಅಕ್ಕಪಕ್ಕದ ದ್ರಾಕ್ಷಿ ತೋಟ; ನಾನು ಆಗಾಗ ಅಲ್ಲಿಗೆ ಹೋಗುತ್ತಿದ್ದೆ. ಪಾಲಾದಂದಿನಿಂದ ಮಾತಿರಲಿಲ್ಲ. ಆದರೂ ಬಳ್ಳಿ ಸವರುವ ಕಾಲಕ್ಕೆ ಮೇಷ್ಟ್ರು ತಮ್ಮ ಕತ್ತರಿಯನ್ನು ಗಡಿಗಲ್ಲಿನ ಮೇಲೆ ಇಟ್ಟು ಬರುತ್ತಿದ್ದರು. ಅಣ್ಣ ಒಯ್ಯುತ್ತಿದ್ದ.

"ಕೈಗೇ ಕೊಡಬಹುದಲ್ಲ ಸಾರ್?" ಎಂದಿದ್ದೆ.

"ಕತ್ತರಿ ಕೈಯಿಂದ ಕೈಗೆ ಕೊಟ್ರೆ ಜಗಳ ಆಗುತ್ತೆ."

"ಆಗೇ ಇದೆಯಲ್ಲ ಸಾರ್."

"ಇರೋದು ಸಾಲ್ದಾ? ಇನ್ನೊಂದ್ಯಾಕೆ?"

ಇಡುವ ಮುನ್ನ ಅದರ ಸ್ಕ್ರೂ ಸಡಿಲಿಸುತ್ತಿದ್ದರು. ಕತ್ತರಿ ಕೈಕೊಟ್ಟರೆ ಅಣ್ಣ ಬೈಯಲಿಕ್ಕಾದರೂ ಬಾಯಿ ಬಿಡಲಿ ಎಂಬ ಆಸೆ. ಅದೋ ಪ್ರತಿ ಸಲ ಸ್ಕ್ರೂ ಬಿಗಿಸಿಕೊಂಡು, ಸಾಣೆ ಹಿಡಿಸಿಕೊಂಡು, ಎಣ್ಣೆ ಕುಡಿದು ಕಲ್ಲಿನ ಮೇಲೆ ಮರಳಿರುತ್ತಿತ್ತು.

"ಮೆಕ್ಯಾನಿಕ್ಕು ಅವನ ಮನೇಲೇ ಅವ್ನೆ. ನನ್ನ ವಿದೇಶಾಂಗ ನೀತಿ ಫೇಲು," ಎಂದು ನಗುತ್ತಿದ್ದರು. ಮುಂದಿನ ಸಲ ಮತ್ತೆ ಸಡಿಲಿಸುತ್ತಿದ್ದರು.

ಅವರು ತೀರಿಕೊಂಡಾಗ ಕತ್ತರಿ ಅಣ್ಣನ ಬಳಿಯೇ ಇತ್ತು. ತಿಥಿಯ ದಿನ ಆತ ಗಡಿ ದಾಟಿ ಬಂದು, ಅಂಗಳದಲ್ಲಿದ್ದ ನನ್ನತ್ತ ಅದನ್ನು ಚಾಚಿದ. ನಾನು ಜಗುಲಿ ತೋರಿಸಿದೆ, ಅಲ್ಲಿಡಿ ಎಂಬಂತೆ.

"ಕೈಗೇ ತಗೋಳಪ್ಪ. ಜಗಳ ಆಡಕ್ಕೆ ಈಗ ಯಾರವ್ರೆ?"

ತೆಗೆದುಕೊಂಡೆ. ಅಲಗುಗಳು ಗಲಗಲ ಅಲ್ಲಾಡಿದವು.

"ಈ ಸಲ ಬಿಗಿ ಮಾಡ್ಲಿಲ್ಲ," ಎಂದ. "ನಾನೇ ಹೋಗಿ ಬೈಯಣ ಅಂತಿದ್ದೆ. ಅಷ್ಟ್ರಲ್ಲಿ..."

ಆ ಮುಖ ಈಗ ಸರಿಯಾಗಿ ನೆನಪಾಗುತ್ತಿಲ್ಲ. ಸ್ಕ್ರೂ ಮಾತ್ರ ಇವತ್ತಿಗೂ ಸಡಿಲವಾಗಿಯೇ ಇದೆ, ನಾನು ಮುಟ್ಟಿಲ್ಲ. ಮೇಲೆ ಇನ್ನೊಂದು ವಿಮಾನ ಹೋಯಿತು. ಯಾರು ಯಾರಿಗೆ ಮಾರುತ್ತಿದ್ದಾರೋ, ಯಾರ ಒಂದು ಬೈಗುಳಕ್ಕೆ ಯಾರು ಕಾಯುತ್ತಿದ್ದಾರೋ... ಮೇಷ್ಟ್ರಿದ್ದಿದ್ದರೆ ಕೇಳಬಹುದಿತ್ತು.